ಹೊಸ ನಿಯಮ ಬಂತು, ಆಟಗಾರರು ಬರಲಿಲ್ಲ

ಚದುರಂಗಕ್ಕೆ ಯಜಮಾನನಿಲ್ಲ. ನಾಳೆಯಿಂದ ಕುದುರೆ ಬೇರೆ ರೀತಿ ನಡೆಯಬೇಕೆಂದು ಅಪ್ಪಣೆ ಕೊಡುವ ಹಕ್ಕು ಯಾವ ಕಂಪೆನಿಗೂ ಇಲ್ಲ. ಆದರೆ ಒಡೆಯನಿರುವ ಆಟಗಳೂ ಉಂಟು. ಅಮೆರಿಕದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಂಥದೊಂದು. 2008ರಲ್ಲಿ ಅದರ ಒಡೆಯರು ನಿಯಮಗಳನ್ನು ಬುಡಮಟ್ಟ ಬದಲಿಸಿ ನಾಲ್ಕನೆಯ ಆವೃತ್ತಿ ತಂದರು. ಆಡುವವರಲ್ಲಿ ಬಹಳಷ್ಟು ಮಂದಿ ಅದರ ಹಿಂದೆ ಹೋಗಲೇ ಇಲ್ಲ.

ಈ ಆಟದಲ್ಲಿ ಪಗಡೆಯಂತೆ ಗೆದ್ದವರು, ಸೋತವರು ಎಂಬುದಿಲ್ಲ. ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲಿ ಒಬ್ಬ ಕಥೆ ನಡೆಸುವವ. ಅವನನ್ನು ಸೂತ್ರಧಾರ ಎನ್ನೋಣ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ವಹಿಸುತ್ತಾರೆ. ‘ಮುಂದೆ ಕತ್ತಲ ಗವಿ, ಒಳಗೆ ಯಾರೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ?’ ಎಂದು ಸೂತ್ರಧಾರ ಕೇಳುತ್ತಾನೆ. ಬಾಯಿಗೆ ಬಂದ ಉತ್ತರ ಕೊಡಬಹುದು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಒಂದೇ ಕಥೆ ವಾರ ವಾರ ಬೆಳೆದು ವರ್ಷಗಟ್ಟಲೆ ನಡೆಯುವುದೂ ಉಂಟು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂತು. ಅದನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಸಂಸ್ಥೆ ಸಾಲದಲ್ಲಿ ಮುಳುಗಿ, 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪೆನಿಯ ಕೈಸೇರಿತು. ಈ ಕಂಪೆನಿ 2000ದಲ್ಲಿ ಮೂರನೆಯ ಆವೃತ್ತಿಯನ್ನೂ 2003ರಲ್ಲಿ ಅದರ ತಿದ್ದಿದ ರೂಪವನ್ನೂ ತಂದಿತು. ಜೊತೆಗೆ ಒಂದು ಉದಾರ ಕೆಲಸವನ್ನೂ ಮಾಡಿತು: ಮೂಲ ನಿಯಮಗಳನ್ನು ಬಳಸಿಕೊಂಡು ಯಾರು ಬೇಕಾದರೂ ಪುಸ್ತಕ ಪ್ರಕಟಿಸಬಹುದು ಎಂಬ ಮುಕ್ತ ಪರವಾನಗಿ ಕೊಟ್ಟಿತು. ಸಣ್ಣಪುಟ್ಟ ಸಾಹಸಕಥೆಗಳನ್ನು ಬೇರೆಯವರು ಬರೆದುಕೊಳ್ಳಲಿ, ಮೂಲ ನಿಯಮಪುಸ್ತಕ ತನ್ನಿಂದ ಮಾರಾಟವಾಗಲಿ ಎಂಬುದು ಅದರ ಲೆಕ್ಕ.

ಈ ವ್ಯಾಪಾರಕ್ಕೆ ಒಂದು ತೊಡಕಿದೆ. ನಿಯಮಪುಸ್ತಕ ಸವೆಯುವ ವಸ್ತುವಲ್ಲ. ಒಮ್ಮೆ ಕೊಂಡರೆ ಮಕ್ಕಳ ಕಾಲಕ್ಕೂ ಬರುತ್ತದೆ. ಹಾಗಾಗಿ ಕಂಪೆನಿ ಬದುಕಬೇಕಾದರೆ ಆಗಾಗ ಹೊಸ ಆವೃತ್ತಿ ಬರಬೇಕು.

ನಾಲ್ಕನೆಯ ಆವೃತ್ತಿ ಕೆಟ್ಟ ಆಟವೇನೂ ಆಗಿರಲಿಲ್ಲ ಎಂದೇ ನನ್ನ ಅನಿಸಿಕೆ. ಹಳೆಯ ನಿಯಮದಲ್ಲಿ ಮಾಂತ್ರಿಕ ಬೆಳಿಗ್ಗೆ ಮಂತ್ರಗಳನ್ನು ಸಿದ್ಧಪಡಿಸಿಕೊಳ್ಳಬೇಕು; ಒಂದನ್ನು ಪ್ರಯೋಗಿಸಿದರೆ ಅದು ಖರ್ಚಾದಂತೆ. ಯೋಧನಿಗೆ ಈ ರಗಳೆಯಿಲ್ಲ, ಕತ್ತಿ ಬೀಸುತ್ತಿದ್ದರಾಯಿತು. ಆದರೆ ಆಟ ಮುಂದುವರಿದಂತೆ ಮಾಂತ್ರಿಕ ಬೆಟ್ಟದಷ್ಟು ಬೆಳೆದು ಯೋಧ ಅವನ ನೆರಳಲ್ಲಿ ನಿಲ್ಲುತ್ತಿದ್ದ. ಹೊಸ ಆವೃತ್ತಿ ಇದನ್ನು ಸರಿಪಡಿಸಹೊರಟಿತು. ಎಲ್ಲ ಪಾತ್ರಗಳಿಗೂ ಬೇಕೆಂದಾಗ ಬಳಸುವ, ಕಾಳಗಕ್ಕೊಮ್ಮೆ ಬಳಸುವ, ದಿನಕ್ಕೊಮ್ಮೆ ಬಳಸುವ ಶಕ್ತಿಗಳನ್ನು ಒಂದೇ ಅಚ್ಚಿನಲ್ಲಿ ಹಂಚಿತು. ನ್ಯಾಯವೇನೋ ದಕ್ಕಿತು. ಆದರೆ ಯೋಧನೂ ಮಾಂತ್ರಿಕನೂ ಒಂದೇ ಬಗೆಯವರಾಗಿ ಕಾಣತೊಡಗಿದರು, ಇದು ಕಂಪ್ಯೂಟರ್ ಆಟದ ಹಾಗಾಯಿತು ಎಂದು ಹಳಬರು ಗೊಣಗಿದರು.

ರುಚಿಯ ಜಗಳ ಇಷ್ಟೇ ಆಗಿದ್ದರೆ ತಣ್ಣಗಾಗುತ್ತಿತ್ತೇನೋ. ಪೆಟ್ಟು ಬಿದ್ದದ್ದು ನಡೆಯುತ್ತಿದ್ದ ಕಥೆಗಳಿಗೆ. ಹಳೆಯ ಪಾತ್ರವನ್ನು ಹೊಸ ನಿಯಮಕ್ಕೆ ನೇರವಾಗಿ ದಾಟಿಸುವ ದಾರಿ ಇರಲಿಲ್ಲ. ಹಾಡುಗಾರ ವೀರನ ಪಾತ್ರ 2008ರ ಮೊದಲ ಪುಸ್ತಕದಲ್ಲಿ ಇರಲೇ ಇಲ್ಲ. 2009ರ ಎರಡನೆಯ ಪುಸ್ತಕಕ್ಕೆ ಕಾಯಬೇಕಾಯಿತು. ನಾಲ್ಕಾರು ವರ್ಷ ಆ ಪಾತ್ರವನ್ನೇ ಸಾಕಿಕೊಂಡು ಬಂದವನಿಗೆ ಏನೆನ್ನಿಸಿರಬೇಕು? ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೋಪು ಬದಲಿಸುವ ಹಾಗೆ ಈ ಆಟವನ್ನು ಒಬ್ಬರೇ ಬದಲಿಸಲಾಗದು. ಮೇಜಿನ ಸುತ್ತ ಕುಳಿತ ಐವರೂ ಒಪ್ಪಬೇಕು, ಮುಖ್ಯವಾಗಿ ಸೂತ್ರಧಾರ ಒಪ್ಪಬೇಕು. ಇಬ್ಬರು ಹೊಸದಕ್ಕೂ ಮೂವರು ಹಳೆಯದಕ್ಕೂ ನಿಂತರೆ ಒಡೆಯುವುದು ಗೆಳೆಯರ ಗುಂಪು.

ಹಳೆಯದಕ್ಕೇ ನಿಂತವರು ಅನಾಥರಾಗಲಿಲ್ಲ. ಆಟದ ಎರಡು ಅಧಿಕೃತ ಪತ್ರಿಕೆಗಳನ್ನು 2007ರವರೆಗೆ ಪರವಾನಗಿಯ ಮೇಲೆ ಹೊರಡಿಸುತ್ತಿದ್ದ ಪೈಜೋ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಆ ಕೆಲಸ ಕೈತಪ್ಪಿದ ಮೇಲೆ ಮುಕ್ತ ಪರವಾನಗಿಯನ್ನೇ ಆಸರೆ ಮಾಡಿಕೊಂಡಿತು. ಮೂರನೆಯ ಆವೃತ್ತಿಯ ನಿಯಮಗಳನ್ನು ತಿದ್ದಿ, ಕರಡನ್ನು 2008ರಲ್ಲಿ ಆಟಗಾರರ ಮುಂದೆಯೇ ಇಟ್ಟು ಪರೀಕ್ಷಿಸಿ, 2009ರಲ್ಲಿ ‘ಪಾತ್‌ಫೈಂಡರ್’ ಹೆಸರಿನಲ್ಲಿ ಮಾರಿತು. ಹಳೆಯ ಪುಸ್ತಕಗಳು ಅದರ ಜೊತೆ ಬಹುಮಟ್ಟಿಗೆ ಹೊಂದುತ್ತಿದ್ದವು. 2011ರ ಹೊತ್ತಿಗೆ ಅಮೆರಿಕದ ಆಟದಂಗಡಿಗಳ ಮಾರಾಟದ ಪಟ್ಟಿಯಲ್ಲಿ ನಕಲು ಅಸಲಿಗಿಂತ ಮೇಲೇರಿತ್ತು. ಕೊಟ್ಟ ಕುದುರೆಯನ್ನು ಬೇರೆಯವನು ಏರಿ ಹೋದಂತಾಯಿತು.

ಹಾಗೆಂದು ಆಟಗಾರರು ಬದಲಾವಣೆಯ ಶತ್ರುಗಳಲ್ಲ. 2000ದ ಮೂರನೆಯ ಆವೃತ್ತಿಯೂ ದೊಡ್ಡ ಬದಲಾವಣೆಯೇ, ಆದರೂ ಜನ ದಾಟಿದರು. ಆಗ ಎರಡನೆಯದಕ್ಕೆ ಹನ್ನೊಂದು ವರ್ಷ ವಯಸ್ಸಾಗಿತ್ತು, ದೂರುಗಳು ಪೇರಿಸಿದ್ದವು. ನಾಲ್ಕನೆಯದು ಬಂದದ್ದು 2003ರ ಪುಸ್ತಕಗಳನ್ನು ಕೊಂಡು ಐದೇ ವರ್ಷಕ್ಕೆ.

ಕಂಪೆನಿ ಪಾಠ ಕಲಿಯಿತು. ಐದನೆಯ ಆವೃತ್ತಿಯನ್ನು 2012ರಿಂದ ಆಟಗಾರರಿಗೇ ಕೊಟ್ಟು ಆಡಿಸಿ, ಅಭಿಪ್ರಾಯ ಕೇಳಿ, 2014ರಲ್ಲಿ ಅಚ್ಚು ಹಾಕಿತು. ಕೈಬಿಟ್ಟಿದ್ದ ಹಳೆಯ ಪದ್ಧತಿಗಳು ಹಲವು ಮರಳಿದವು, ಆಟ ಹಿಂದೆಂದೂ ಇಲ್ಲದಷ್ಟು ಹಬ್ಬಿತು. ಆದರೂ 2023ರ ಜನವರಿಯಲ್ಲಿ ಮುಕ್ತ ಪರವಾನಗಿಯನ್ನೇ ಬಿಗಿಗೊಳಿಸುವ ಯೋಚನೆ ಹೊರಬಿದ್ದಾಗ ಕೋಲಾಹಲವೆದ್ದು ಹಿಂದೆ ಸರಿಯಬೇಕಾಯಿತು. ಮರುವರ್ಷ, ಆಟಕ್ಕೆ ಐವತ್ತು ತುಂಬಿದಾಗ, ತಿದ್ದಿದ ನಿಯಮಪುಸ್ತಕಗಳು ಬರತೊಡಗಿದವು. ಅವುಗಳಿಗೆ ‘ಆರನೆಯ ಆವೃತ್ತಿ’ ಎಂಬ ಹೆಸರನ್ನು ಕಂಪೆನಿ ಇಡಲಿಲ್ಲ. 2014ರ ಸಾಹಸಕಥೆಗಳನ್ನು ಇವುಗಳ ಜೊತೆಗೂ ಆಡಬಹುದು ಎಂದು ಮೊದಲೇ ಹೇಳಿಕೊಂಡಿತು.