ಅವರ ಮಗರ್, ನಮ್ಮ ಮೊಸಳಿ

ಪುಣೆಯ ಆಫೀಸಿನಲ್ಲಿ ಸಾಂಗ್ಲಿ ಕಡೆಯವರ ಜೊತೆ ಊಟಕ್ಕೆ ಕೂತರೆ, ಮಳೆಗಾಲದಲ್ಲಿ ಮಾತು ಕೃಷ್ಣೆಗೆ, ಅಲ್ಲಿಂದ ಮೊಸಳೆಗೆ ಬಂದೇ ಬರುತ್ತದೆ. ಭಿಲವಡಿ, ಔದುಂಬರ ಕಡೆಯ ದಂಡೆಗಳಲ್ಲಿ ಮೊಸಳೆ ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಅವರಿಗೆ ಹೊಸದಲ್ಲ. ನಮ್ಮೂರು ಅದೇ ಹೊಳೆಯ ಕೆಳಗೆ, ರಾಯಬಾಗ ತಾಲ್ಲೂಕಿನಲ್ಲಿದೆ. ಅವರ ‘ಮಗರ್’ ನಮಗೆ ‘ಮೊಸಳಿ’. ಇಂಗ್ಲಿಷಿನ ‘ಮಗ್ಗರ್’ ಕೂಡ ಹುಟ್ಟಿದ್ದು ನಮ್ಮ ಮಕರತೋರಣದ ‘ಮಕರ’ದಿಂದಲೇ.

2019ರ ಆಗಸ್ಟ್ ಪ್ರವಾಹದಲ್ಲಿ ರಾಯಬಾಗ ತಾಲ್ಲೂಕಿನ ಮನೆಯೊಂದರ ಮಾಡಿನ ಮೇಲೆ ಮೊಸಳೆ ಬಾಯಿ ತೆರೆದು ಕೂತಿದ್ದ ವಿಡಿಯೊ ನಿಮಗೂ ಬಂದಿರಬೇಕು. ಅದು ದಾಳಿಗೆ ಬಂದದ್ದಲ್ಲ, ನೀರಿನ ಸೆಳೆತದಿಂದ ತಪ್ಪಿಸಿಕೊಂಡು ಹತ್ತಿದ್ದು. ಬಾಯಿ ತೆರೆದು ಕೂರುವುದೂ ಸಿಟ್ಟಿನಿಂದಲೇ ಅಲ್ಲ; ಮೊಸಳೆಗೆ ನಮ್ಮ ಹಾಗೆ ಬೆವರಿಲ್ಲ.

ಆಫೀಸಿನಲ್ಲಿ ಒಬ್ಬರು ಇದನ್ನು ಘರಿಯಲ್ ಎಂದೇ ವಾದಿಸುತ್ತಿದ್ದರು. ಘರಿಯಲ್ ಬೇರೆ. ಅದರ ಮೂತಿ ಕೋಲಿನಂತೆ ಸಪೂರ, ಆಹಾರ ಹೆಚ್ಚಾಗಿ ಮೀನು. ಬೆಳೆದ ಗಂಡಿನ ಮೂತಿಯ ತುದಿಯಲ್ಲಿ ಗಡಿಗೆಯಂಥ ಗಂಟು. ಹೆಸರು ಬಂದದ್ದೇ ಅದರಿಂದ. 1970ರ ದಶಕದಲ್ಲಿ ಅವು ಇನ್ನೂರಕ್ಕಿಂತ ಕಡಿಮೆ ಉಳಿದಿದ್ದವು. 1975ರಲ್ಲಿ ಸರ್ಕಾರ ಮೊಸಳೆ ಯೋಜನೆ ಶುರುಮಾಡಿ, ಮೊಟ್ಟೆ ತಂದು ಮರಿ ಮಾಡಿಸಿ ನದಿಗೆ ಬಿಟ್ಟಿತು. ಇಂದಿಗೂ ಅವುಗಳ ದೊಡ್ಡ ನೆಲೆ ಚಂಬಲ್. ದಕ್ಷಿಣದಲ್ಲಿ ಮಹಾನದಿಯೇ ಅವುಗಳ ಗಡಿ. ಕೃಷ್ಣೆಯದು ಅಗಲ ಮೂತಿಯ ಮಗ್ಗರ್.

ನನಗೆ ತೀರಾ ಸೋಜಿಗವೆನಿಸುವುದು ಇವುಗಳ ಮೊಟ್ಟೆ. ಹೆಣ್ಣು ಮಗ್ಗರ್ ಬೇಸಿಗೆಯಲ್ಲಿ ದಂಡೆಯ ಮರಳು ತೋಡಿ ಇಪ್ಪತ್ತೈದು, ಮೂವತ್ತು ಮೊಟ್ಟೆ ಇಟ್ಟು ಮುಚ್ಚುತ್ತದೆ. ಒಳಗಿನದು ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಗೂಡಿನ ಶಾಖ. 32.5 ಡಿಗ್ರಿ ಆಸುಪಾಸು ಗಂಡು, 31ಕ್ಕಿಂತ ಕೆಳಗೆ ಹೆಣ್ಣು. ಒಂದೂವರೆ ಡಿಗ್ರಿಯ ಅಂತರ! ಸುಮಾರು ಎರಡು ತಿಂಗಳಿಗೆ ಮರಿಗಳು ಒಳಗಿಂದಲೇ ಕೂಗುತ್ತವೆ, ತಾಯಿ ಮರಳು ಕೆದರಿ ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ಆದರೆ ಬೇಸಿಗೆಯಲ್ಲೇ ಮರಳಿನ ಟ್ರ್ಯಾಕ್ಟರ್‌ಗಳೂ ಹೊಳೆಗಿಳಿಯುತ್ತವೆ. ಮರಳು ಹೋದ ಕಡೆ ಗೂಡಿಗೆ ಜಾಗವೇ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಣ್ಣ, “ತಮ್ಮಾ, ನೀ ಪುಣೆದಾಗ ಕುಂತು ಮೊಸಳಿ ಉಳಿಸ್ರಿ ಅಂತಿ. ರಾತ್ರಿ ಎರಡಕ್ಕ ಕರೆಂಟ್ ಬಂದ್ರ ಹೊಳಿ ದಂಡಿಗೆ ಹೋಗಾಂವ ನಾನು” ಎನ್ನುತ್ತಾನೆ. ಉತ್ತರ ಕೊಡುವುದು ಕಷ್ಟ. ಹಿಡಿದು ದೂರ ಬಿಟ್ಟುಬಂದರೆ ಮುಗಿಯಿತು ಎಂದು ಊರವರ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಹೆಲಿಕಾಪ್ಟರಿನಲ್ಲಿ ಒಯ್ದು ಬಿಟ್ಟ ಉಪ್ಪುನೀರಿನ ಮೊಸಳೆಯೊಂದು 400 ಕಿ.ಮೀ.ಗೂ ಹೆಚ್ಚು ಈಜಿ, 20 ದಿನದಲ್ಲಿ ತನ್ನ ಜಾಗಕ್ಕೆ ಮರಳಿತ್ತು. ಮಗ್ಗರ್ ಅಷ್ಟು ದೂರ ಬರಲಿಕ್ಕಿಲ್ಲ, ಆದರೆ ಬಿಟ್ಟ ಕಡೆಯೂ ಯಾರದೋ ಪಂಪ್‌ಸೆಟ್ ಇರುತ್ತದಲ್ಲ? ಮೊಸಳೆ ಸಾಗಿಸುವುದಕ್ಕಿಂತ ಹಗಲು ಮೂರು ಫೇಸ್ ಕರೆಂಟ್ ಕೊಡುವುದು ಅಗ್ಗ ಎಂದೇ ನನ್ನ ವಾದ.

ಸದ್ಯಕ್ಕೆ ಮೊಬೈಲ್‌ನಿಂದ ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಕೊಡಿಸಿದ್ದೇನೆ. ಫುಟ್‌ವಾಲ್ವ್‌ಗೆ ಕಸ ಸಿಕ್ಕಿದರೆ ಮಾತ್ರ ನೀರಿಗೆ ಇಳಿಯಲೇಬೇಕು. ಅದಕ್ಕೆ ಅಣ್ಣ ಬೆಳಗಾಗುವವರೆಗೆ ಕಾಯುತ್ತಾನೆ. ಪಕ್ಕದ ಹೊಲದವರು ಬಡಿಗೆ ಹಿಡಿದು ದಂಡೆಯ ಮೇಲೆ ನಿಲ್ಲುತ್ತಾರೆ.