ಆಟ ತೆರೆಯದಿದ್ದರೆ ಗಣಕಯಂತ್ರ ಕೆಟ್ಟಿದೆಯೇ?

ರಜೆಯಲ್ಲಿ ಆಡೋಣವೆಂದು ‘ವ್ಯಾಲೊರಂಟ್’ ಅಥವಾ 2025ರ ಅಕ್ಟೋಬರ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 6’ ತೆರೆಯುತ್ತೀರಿ. ಆಟದ ಬದಲು, ಸೆಕ್ಯೂರ್ ಬೂಟ್ ಚಾಲನೆಯಲ್ಲಿಲ್ಲ ಎಂಬ ಸೂಚನೆ ಕಾಣಿಸುತ್ತದೆ. ನೀವು ನನ್ನಿವಾಳದವರಾಗಿದ್ದರೆ, ಸಿಪಿಯು ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಕೊಂಡು ಚಳ್ಳಕೆರೆಗೆ ಹೊರಡುವ ಮುನ್ನ ಸ್ವಲ್ಪ ತಾಳಿ. ಹೆಚ್ಚಿನ ಸಂದರ್ಭಗಳಲ್ಲಿ ಯಂತ್ರ ಕೆಟ್ಟಿರುವುದಿಲ್ಲ, ಒಂದು ಸೆಟ್ಟಿಂಗ್ ಬದಲಾಗಬೇಕಿರುತ್ತದೆ. ಆದರೆ ಅದನ್ನು ಆತುರದಿಂದ ಬದಲಿಸಿದರೆ ವಿಂಡೋಸ್ ಕೂಡ ತೆರೆಯದೆ ಹೋದೀತು.

ಸ್ವಿಚ್ ಒತ್ತಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ಹಿಂದೆ ಇದು ಬಯೋಸ್ ಆಗಿತ್ತು, ಈಗ ಯುಇಎಫ್‌ಐ. ಸೆಕ್ಯೂರ್ ಬೂಟ್ ಎಂಬುದು ಇದರ ಕಾವಲುಗಾರ. ವಿಂಡೋಸನ್ನು ಎಬ್ಬಿಸುವ ಕಡತಕ್ಕೆ ನಂಬಿಕಸ್ಥ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ ಒಳಗೆ ಬಿಡುತ್ತದೆ. ಮೋಸದ ಆಟಗಾರರು ಬಳಸುವ ಕೆಲವು ತಂತ್ರಾಂಶಗಳು ವಿಂಡೋಸ್‌ಗಿಂತ ಮೊದಲೇ ನುಸುಳಿ ಅಡಗುವುದರಿಂದ ಆಟದ ಕಂಪನಿಗಳು ಈ ಕಾವಲನ್ನು ಕೇಳುತ್ತವೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ಗೆ ಟಿಪಿಎಂ 2.0 ಕೂಡ ಬೇಕು. ಫರ್ಮ್‌ವೇರ್‌ನಲ್ಲಿ ಇದು ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ.

ಮೊದಲು ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಂ ಇನ್‌ಫರ್ಮೇಷನ್’ ಹುಡುಕಿ ತೆರೆಯಿರಿ. ‘ಬಯೋಸ್ ಮೋಡ್’ ಎದುರು ಯುಇಎಫ್‌ಐ ಎಂದಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ‘ಲೆಗಸಿ’ ಎಂದಿದ್ದರೆ ಎಚ್ಚರಿಕೆ ಬೇಕು. ಹಳೆಯ ಪದ್ಧತಿಗೆ ಆಸರೆಯಾದ ಸಿಎಸ್‌ಎಂ ಚಾಲನೆಯಲ್ಲಿದೆ, ಡಿಸ್ಕ್ ಕೂಡ ಹಳೆಯ ಎಂಬಿಆರ್ ವಿನ್ಯಾಸದ್ದೇ ಆಗಿರುತ್ತದೆ ಎಂದು ಇದರ ಅರ್ಥ. ಈಗಲೇ ಸಿಎಸ್‌ಎಂ ಆರಿಸಿದರೆ ಯಂತ್ರಕ್ಕೆ ವಿಂಡೋಸ್ ಸಿಗುವುದೇ ಇಲ್ಲ. ಗಾಬರಿಗೊಂಡು ಫಾರ್ಮ್ಯಾಟ್ ಮಾಡಿಸಿದಿರೋ, ಪ್ರಾಜೆಕ್ಟ್ ವರದಿ, ಮನೆಯವರ ಫೋಟೊ ಎಲ್ಲವೂ ಹೋದವು! ಸಿಎಸ್‌ಎಂ ಮತ್ತೆ ಹಾಕಿದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಿರುಗುತ್ತದೆ. ಡಿಸ್ಕನ್ನು ಅಳಿಸದೆಯೇ ಜಿಪಿಟಿ ವಿನ್ಯಾಸಕ್ಕೆ ತರಲು 2017ರಿಂದ ವಿಂಡೋಸ್‌ನಲ್ಲೇ ‘ಎಂಬಿಆರ್‌ಟುಜಿಪಿಟಿ’ ಎಂಬ ಸಾಧನವಿದೆ. ಆದರೂ ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿ. ಇದರಲ್ಲಿ ಸೋಮಾರಿತನ ಸಲ್ಲದು.

ಇನ್ನೊಂದು ಬೀಗವೂ ಇದೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಬಳಸುತ್ತಿದ್ದರೆ, ನಿಮಗೆ ತಿಳಿಯದೆಯೇ ಡಿಸ್ಕಿಗೆ ಬಿಟ್‌ಲಾಕರ್ ಬಿದ್ದಿರಬಹುದು. ಸೆಟ್ಟಿಂಗ್ ಬದಲಿಸಿದಾಗ ಅದು 48 ಅಂಕಿಗಳ ಕೀಲಿ ಕೇಳೀತು. ನಿಮ್ಮ ಖಾತೆಯಲ್ಲಿರುವ ಆ ಕೀಲಿಯನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಕ್ಲಿಯರ್ ಟಿಪಿಎಂ’ ಎಂಬುದನ್ನು ಮಾತ್ರ ಮುಟ್ಟಬೇಡಿ.

ಇಷ್ಟಾದ ಮೇಲೆ ಯಂತ್ರ ಏಳುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಫರ್ಮ್‌ವೇರ್ ಪ್ರವೇಶಿಸಿ, ಸಿಎಸ್‌ಎಂ ಆರಿಸಿ, ಸೆಕ್ಯೂರ್ ಬೂಟ್ ಹಾಕಿ. ‘ಎನೇಬಲ್ಡ್’ ಎಂದಿದ್ದೂ ಪಕ್ಕದಲ್ಲಿ ‘ನಾಟ್ ಆ್ಯಕ್ಟಿವ್’ ಎಂದಿದ್ದರೆ ಕಾರ್ಖಾನೆಯ ಕೀಲಿಗಳು ಒಳಗಿಲ್ಲವೆಂದು ತಿಳಿಯಿರಿ. ‘ರಿಸ್ಟೋರ್ ಫ್ಯಾಕ್ಟರಿ ಕೀಸ್’ ಆರಿಸಿದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬಹಳ ಹಳೆಯ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಾದರೆ, ಸಿಎಸ್‌ಎಂ ಇಲ್ಲದೆ ತೆರೆ ಕಪ್ಪಾಗಿಯೇ ಉಳಿಯಬಹುದು. ಆಗ ವಿದ್ಯುತ್ ತಂತಿ ಕಿತ್ತು, ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಮೂಲ ಸೆಟ್ಟಿಂಗ್‌ಗಳು ಮರಳುತ್ತವೆ.

ಈ 3 ವೋಲ್ಟ್ ಬ್ಯಾಟರಿಯೇ ಕೆಲವೊಮ್ಮೆ ಮೂಲ ಕಾರಣ. ನೀವು ಹಾಸ್ಟೆಲಿನಲ್ಲಿದ್ದು ಮನೆಯ ಯಂತ್ರ ತಿಂಗಳುಗಟ್ಟಲೆ ವಿದ್ಯುತ್ತಿಲ್ಲದೆ ಇದ್ದರೆ ಬ್ಯಾಟರಿ ಬೇಗ ಸೊರಗುತ್ತದೆ, ಮಾಡಿದ ಸೆಟ್ಟಿಂಗ್ ಮರೆತುಹೋಗುತ್ತದೆ. ಯಂತ್ರ ಹಾಕಿದಾಗ ದಿನಾಂಕ, ಗಂಟೆ ತಪ್ಪಾಗಿ ಕಂಡರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಉಳಿದದ್ದನ್ನು ನೋಡಿ.