ತೋಟದಂಚಿನ ತರಕಾರಿ ಮಡಿ ಮತ್ತು ಆಸ್ಪರಾಗಸ್



ಗುಬ್ಬಿ ಮತ್ತು ಕುಣಿಗಲ್ ಕಡೆಯ ಕೆಲವು ಸದಸ್ಯರು ಈಚೆಗೆ ಸಂಘದ ಕಚೇರಿಗೆ ಬಂದು, ಆಸ್ಪರಾಗಸ್ ಎಂಬ ತರಕಾರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಧಾರಣೆ ಇದೆಯಂತೆ, ಅದರ ಬೇರುಗಡ್ಡೆ ತರಿಸಲು ಸಾಲ ದೊರೆಯುವುದೇ ಎಂದು ವಿಚಾರಿಸಿರುತ್ತಾರೆ. ನಾಲ್ಕು ವರ್ಷಗಳಿಂದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ನಾವೂ ಇದನ್ನು ಇತರ ತರಕಾರಿಗಳ ಜೊತೆಗೆ ಬೆಳೆದು ನೋಡಿರುವುದರಿಂದ, ಕಂಡದ್ದನ್ನು ಕಂಡಂತೆ ತಿಳಿಸುವುದು ಉಚಿತವೆಂದು ಭಾವಿಸಿದ್ದೇವೆ.

ಇದು ನಮಗೆ ಪೂರ್ತಿ ಅಪರಿಚಿತ ಗಿಡವಲ್ಲ. ನಮ್ಮ ಬೇಲಿ, ಕುರುಚಲುಗಳಲ್ಲಿ ಮುಳ್ಳಿನೊಡನೆ ಹಬ್ಬುವ ಶತಾವರಿ, ಅಂದರೆ ಹಲವು ಮಕ್ಕಳ ತಾಯಿ ಬೇರು, ಇದೇ ಕುಲದ್ದು. ಶತಾವರಿಯಲ್ಲಿ ಬೇರು ಮುಖ್ಯ. ಆಸ್ಪರಾಗಸ್‌ನಲ್ಲಿ ನೆಲದಿಂದ ಕಡ್ಡಿಯಂತೆ ಮೇಲೇಳುವ ಎಳೆಯ ಚಿಗುರು ಮುಖ್ಯ. ಚಿಗುರನ್ನು ಕೊಯ್ಯದೆ ಬಿಟ್ಟರೆ ಅದು ಸಬ್ಬಸಿಗೆ ಸೊಪ್ಪಿನಂತೆ ಕವಲೊಡೆದು ಎದೆಯೆತ್ತರಕ್ಕೆ ಬೆಳೆಯುತ್ತದೆ. ಆ ಹಸಿರೇ ಬೇರಿಗೆ ಆಹಾರ ಕೂಡಿಡುವುದರಿಂದ ಮೊದಲ ಎರಡು ವರ್ಷ ಕತ್ತಿ ತಾಗಿಸಬಾರದು. ಆಮೇಲೆ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಅದೇ ಮಡಿಯಲ್ಲಿ ಫಸಲು ಕೊಡುತ್ತದೆ.

ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ತೇವ ಇರಲೆಂದು ಬಸಿಗಾಲುವೆಯ ಪಕ್ಕದ ತಗ್ಗಿನಲ್ಲಿ ನಲವತ್ತು ಗಡ್ಡೆ ನೆಟ್ಟೆವು. ನಮ್ಮ ಸೀಮೆಯ ಮಳೆ ವರ್ಷಕ್ಕೆ 600ರಿಂದ 700 ಮಿ.ಮೀ. ಅಷ್ಟೇ ಆದರೂ ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಲ್ಲಿ ಮಡಿಯಲ್ಲಿ ನೀರು ನಿಂತು ಮೂವತ್ತೊಂದು ಗಡ್ಡೆ ಕೊಳೆತವು. ಉಳಿದ ಒಂಬತ್ತನ್ನು ಕಿತ್ತು, ಒಂದಡಿ ಏರಿಸಿದ ಕೆಮ್ಮಣ್ಣಿನ ಮಡಿಗೆ ಕೆರೆಗೋಡು, ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದೂವರೆ ಅಡಿಗೊಂದರಂತೆ ನೆಟ್ಟ ಮೇಲೆ ಚೇತರಿಸಿಕೊಂಡವು. ಮೂರನೆಯ ವರ್ಷ ಮೊದಲ ಕೊಯ್ಲು. ನಮ್ಮ ಮನೆಯವರು ಹುರುಳಿಕಾಯಿಯಂತೆಯೇ ಹೆಚ್ಚಿ, ಒಗ್ಗರಣೆಗೆ ಹಾಕಿ, ತೆಂಗಿನ ತುರಿ ಉದುರಿಸಿ ಬಡಿಸಿ, "ಇದಕ್ಕಾ ಮೂರು ವರ್ಷ ಕಾದದ್ದು?" ಎಂದರು. ರುಚಿ ಚೆನ್ನಾಗಿಯೇ ಇತ್ತು.

ಶೀತ ದೇಶಗಳಲ್ಲಿ ಚಳಿಗಾಲವೇ ಈ ಗಿಡಕ್ಕೆ ವಿಶ್ರಾಂತಿ. ನಮ್ಮಲ್ಲಿ ಅಂಥ ಚಳಿ ಇಲ್ಲ. ಆದ್ದರಿಂದ ಥಾಯ್ಲೆಂಡ್, ತೈವಾನ್ ಕಡೆಯ ಕ್ರಮ ನಮಗೆ ಹೊಂದುತ್ತದೆ. ಪ್ರತಿ ಬುಡದಲ್ಲೂ ನಾಲ್ಕೈದು ದಂಟುಗಳನ್ನು ತಾಯಿದಂಟಾಗಿ ಬೆಳೆಯಲು ಬಿಟ್ಟು, ಅನಂತರ ಬರುವ ಚಿಗುರನ್ನು ಆರೆಂಟು ಅಂಗುಲವಾದಾಗ ಕೊಯ್ಯುವುದು. ಚಿಗುರು ಪೆನ್ಸಿಲಿಗಿಂತ ಸಣ್ಣದಾದರೆ ಗಿಡ ದಣಿದಿದೆ ಎಂದು ತಿಳಿದು ಕೊಯ್ಲು ನಿಲ್ಲಿಸಬೇಕು. ಗಂಡು, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡದಲ್ಲಿ ಬಿಡುವ ಕೆಂಪು ಹಣ್ಣನ್ನು ಮಕ್ಕಳು ಬಾಯಿಗೆ ಹಾಕದಂತೆ ಎಚ್ಚರವಿರಲಿ, ಅದು ತಿನ್ನುವಂಥದ್ದಲ್ಲ.

ಇನ್ನು ಸಾಲದ ಮಾತು. ಕೊಯ್ದ ಚಿಗುರು ಕೆಲವೇ ಗಂಟೆಗಳಲ್ಲಿ ಸಿಹಿ ಕಳೆದುಕೊಂಡು ನಾರಾಗತೊಡಗುತ್ತದೆ. ತುಮಕೂರಿನಿಂದ ಬೆಂಗಳೂರು 70 ಕಿ.ಮೀ.; ಶೀತಲ ವ್ಯವಸ್ಥೆಯಿಲ್ಲದೆ ದಿನವೂ ನಾಲ್ಕು ಕಟ್ಟು ಒಯ್ಯುವುದು ಸಣ್ಣ ಬೆಳೆಗಾರರಿಗೆ ಗಿಟ್ಟುವ ಮಾತಲ್ಲ. ಅದಕ್ಕಿಂತ ಮುಖ್ಯವಾದದ್ದು ನೀರು. ಪೆರು ದೇಶದ ಇಕಾ ಕಣಿವೆಯು ಮಳೆಯೇ ಇಲ್ಲದ ಮರಳುಗಾಡು. 1990ರ ದಶಕದಿಂದ ಅಲ್ಲಿ ರಫ್ತಿಗೆಂದು ಆಸ್ಪರಾಗಸ್ ವಿಸ್ತರಿಸಿದಂತೆ ದೊಡ್ಡ ತೋಟದವರು ಆಳಕ್ಕೆ ಆಳ ಕೊರೆದು ಅಂತರ್ಜಲ ಎತ್ತಿದರು; ಸಣ್ಣ ರೈತರ ಬಾವಿಗಳು ಬತ್ತಿದವು. ಬೋರ್‌ವೆಲ್‌ನ ಪಾಡು ಬಲ್ಲ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಬೆಳೆಗೆ ಸಾಲ ಮಾಡಬೇಡಿರೆಂದೇ ನಮ್ಮ ಸಲಹೆ.

ಆದರೆ ಮನೆಗೆಂದು ಒಂದು ಮಡಿ ಹಾಕುವುದು ಬೇರೆ ವಿಚಾರ. ಇಂಗ್ಲೆಂಡಿನಲ್ಲಿ ಸ್ವಂತ ಭೂಮಿಯಿಲ್ಲದವರಿಗೆ ಸ್ಥಳೀಯ ಸಂಸ್ಥೆಗಳು ತರಕಾರಿಗೆಂದು ತುಂಡು ನೆಲವನ್ನು ಬಾಡಿಗೆಗೆ ಕೊಡುತ್ತವೆ. ಇದಕ್ಕೆಂದೇ 1908ರ ಕಾಯಿದೆಯಿದೆ. ತುಂಡಿನ ರೂಢಿಯ ಅಳತೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕಕ್ಕೆ ಎರಡೂವರೆ ಗುಂಟೆ. ಅಲ್ಲಿ ಜನ ಸರದಿಯಲ್ಲಿ ಕಾದು ಪಡೆಯುವ ಈ ಎರಡೂವರೆ ಗುಂಟೆ ನಮ್ಮ ಬಹುಪಾಲು ತೋಟಗಳ ಅಂಚಿನಲ್ಲಿ ಹಾಳು ಬಿದ್ದಿರುತ್ತದೆ; ನಾವು ಚೀಲ ಹಿಡಿದು ಸಂತೆಗೆ ಹೋಗುತ್ತೇವೆ!

ಇಲ್ಲಿಯೂ ನೀರಿನ ಲೆಕ್ಕ ಮೊದಲು. ಬೇಸಿಗೆಯಲ್ಲಿ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಎರಡೂವರೆ ಗುಂಟೆಗೆ ಅದು 1,000 ಲೀಟರಿಗೆ ಕಡಮೆಯಿಲ್ಲ. ಫಸಲಿನ ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ 16ರಿಂದ 20 ಲೀಟರ್ ಎಂದರೆ, ಇದು ಐವತ್ತು ಅರವತ್ತು ಮರಗಳ ನೀರು. ಆದ್ದರಿಂದ ಜೂನ್‌ನಿಂದ ಜನವರಿವರೆಗೆ ಇಡೀ ಮಡಿ, ಫೆಬ್ರವರಿಯಿಂದ ಮೇವರೆಗೆ ಅರ್ಧ ಗುಂಟೆ ಮಾತ್ರ; ಆ ಅರ್ಧ ಗುಂಟೆಗೆ ಹತ್ತು ಹನ್ನೆರಡು ಮರದ ನೀರು ಸಾಕು. ಬಚ್ಚಲ ನೀರೂ ಸೇರಿದರೆ ಇನ್ನೂ ಕಡಮೆ. ಹೀಗೆ ನೀರು ನಿಂತಾಗ ಆಸ್ಪರಾಗಸ್‌ಗೆ ಬೇಕಾದ ವಿಶ್ರಾಂತಿಯೂ ತಾನಾಗಿ ದೊರೆಯುತ್ತದೆ: ಹಳದಿಯಾದ ದಂಟನ್ನು ಸವರಿ, ಗೊಬ್ಬರ ಕೊಟ್ಟು, ಮುಂಗಾರಿನ ಮೊದಲ ಮಳೆಗೆ ಬಿಟ್ಟರೆ ಒಮ್ಮೆಗೇ ಚಿಗುರುತ್ತದೆ.

ಅಡಿಕೆ ಮರಗಳ ನಡುವಿನ ಖಾಲಿ ಜಾಗದಲ್ಲೇ ಎಲ್ಲವನ್ನೂ ಬೆಳೆಯುವ ಆಸೆ ಬೇಡ. ಆ ನೆರಳಿಗೆ ಕೆಸು, ಸುವರ್ಣಗೆಡ್ಡೆ, ಬಸಳೆ, ಚಕ್ರಮುನಿ ಒಗ್ಗುತ್ತವೆ. ಟೊಮ್ಯಾಟೊ, ಬದನೆ ಬರೀ ಸೊಪ್ಪಾಗುತ್ತವೆ. ಮರದ ಬುಡದಿಂದ ಎರಡಡಿಯೊಳಗೆ ಅಗೆದರೆ ಅಡಿಕೆಯ ಬೇರಿಗೇ ಪೆಟ್ಟು. ಗೊನೆಗೆ ಔಷಧ ಹೊಡೆದಾಗ ಕೆಳಗಿನ ಸೊಪ್ಪಿನ ಮೇಲೆ ಬೀಳುವುದೆಂಬುದನ್ನೂ ಮರೆಯಬಾರದು. ಬಿಸಿಲಿನ ಅಂಚಿನಲ್ಲಿ ಮುಂಗಾರಿಗೆ ಬೆಂಡೆ, ಅಲಸಂದೆ, ಚಪ್ಪರಕ್ಕೆ ಹೀರೆ. ಹಿಂಗಾರಿಗೆ ಮೂಲಂಗಿ, ಮೆಂತ್ಯ, ಹುರುಳಿಕಾಯಿ. ಬೆಂಡೆಯಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಳದಿ ನಂಜು ರೋಗ ತಡೆಯಲೆಂದು ತಯಾರಿಸಿದ ಅರ್ಕ ಅನಾಮಿಕ ತಳಿಯಿದೆ. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ತುಮಕೂರಿಗೆ ಹತ್ತಿರದ ಹಿರೇಹಳ್ಳಿಯಲ್ಲಿಯೇ ಇರುವುದರಿಂದ ತಳಿಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಬೋರ್‌ವೆಲ್ ನೀರು ಸವುಳಾಗಿರುವಲ್ಲಿ ಹುರುಳಿಕಾಯಿಯ ಎಲೆಯಂಚು ಸುಟ್ಟಂತಾಗುತ್ತದೆ. ಅಂಥ ನೀರಿಗೆ ಬೀಟ್‌ರೂಟ್ ತಡೆಯುತ್ತದೆ, ಆಸ್ಪರಾಗಸ್ ಕೂಡ.

ನಮ್ಮ ಹೆಣ್ಣು ಗಿಡಗಳಿಂದ ಸ್ವಲ್ಪ ಬೀಜ ಕೂಡಿಟ್ಟಿದ್ದೇವೆ. ಒಂದು ರಾತ್ರಿ ನೆನೆಸಿ ಬಿತ್ತಿದರೆ ಎರಡು ಮೂರು ವಾರದಲ್ಲಿ ಮೊಳೆಯುತ್ತದೆ. ಒಂದು ವರ್ಷ ಪಾತಿಯಲ್ಲಿ ಬೆಳೆಸಿ ನಾಟಿ ಮಾಡಬೇಕು. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ತಲಾ ಇಪ್ಪತ್ತು ಬೀಜ ಕೊಡಲಾಗುವುದು. ಹಣ ಕೊಡಬೇಕಾಗಿಲ್ಲ.